ಸೀಲನ್ನು ಬೈದು ಕಳಿಸುವ ಬಗೆ

ಪೋರ್ಟ್ ಮೆರಿಡನ್
೭ ಫೆಬ್ರವರಿ ೧೯೯೩

ಅಪ್ಪ,

ಈ ಕಾಗದ ಕೈಗೆ ಬಂದಾಗ ನೀನು ಏನು ಮಾಡುತ್ತೀಯ ಎಂದು ನನಗೆ ಗೊತ್ತು. ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚಹಾದ ಡಬ್ಬಿಯ ಹಿಂದೆ ಸಿಕ್ಕಿಸಿ ದೋಣಿಗೆ ಹೋಗುತ್ತೀಯ. ಸಂಜೆಯಾದರೂ ಒಡೆದು ಓದು.

ಕ್ಷಮೆ ಕೇಳುವುದಕ್ಕೆ ಬರೆಯುತ್ತಿಲ್ಲ. ಪಬ್ಬಿನ ಗೋಡೆಗೆ ಅಂಟಿಸಿದ ಕರಪತ್ರದ ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ‘ಬಲೆಯೆಂದರೆ ನೇಣು’ ಎಂದು ಬರೆದಿದ್ದೆ. ಈಗಲೂ ಅದನ್ನೇ ಅನ್ನುತ್ತೇನೆ. ನೀನು ಅದನ್ನು ಎಲ್ಲರೆದುರು ಕಿತ್ತು ಬಿಯರ್ ಲೋಟದ ಅಡಿಗೆ ಹಾಕಿದ್ದನ್ನು ಮರೆತಿಲ್ಲ. ಬಸ್ಸಿನ ಹತ್ತಿರ ಬಂದು ‘ಹೋಗು, ಹೋಗು’ ಎಂದು ಕೂಗಿದ್ದನ್ನೂ ಮರೆತಿಲ್ಲ. ಬಸ್ಸು ಹೊರಟಾಗ ನೀನು ಸಮುದ್ರದ ಕಡೆ ತಿರುಗಿ ನಿಂತಿದ್ದೆ. ನನಗೆ ಕಂಡದ್ದು ನಿನ್ನ ಬೆನ್ನು ಮಾತ್ರ.

ಬರೆಯುತ್ತಿರುವುದು ನನ್ನ ಮಳೆಕೋಟಿಗಾಗಿ. ಬಾಗಿಲ ಹಿಂದಿನ ಗೂಟದಲ್ಲಿದೆ. ಬಸ್ಸಿನವನ ಕೈಯಲ್ಲಿ ಕಳಿಸು.

ಇಲ್ಲಿನ ಅಕ್ವೇರಿಯಂನಲ್ಲಿ, ಕಡಲಸಿಂಹ ಮತ್ತು ಸೀಲ್‌ಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ತರಬೇತಿಗೆ ಸೇರಿದ್ದೇನೆ. ಸಂಬಳವಿಲ್ಲ, ಮಧ್ಯಾಹ್ನದ ಊಟವಿದೆ. ನಗಬೇಡ. ಪ್ರಾಣಿಗಳನ್ನು ಕೊಳದಲ್ಲಿ ಕೂಡಿಹಾಕುವುದನ್ನು ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆದರೆ ಸೆರೆಮನೆಯ ಒಳಗೆ ಕಾಲಿಡದೆ ಅದರ ಬೀಗದ ಬಗ್ಗೆ ಬರೆಯುವುದು ಹೇಡಿತನ. ಒಳಗಿನದೆಲ್ಲವನ್ನೂ ಕಣ್ಣಾರೆ ಕಂಡು ಹೊಸ ಕರಪತ್ರ ಬರೆದುಕೊಡುತ್ತೇನೆಂದು ನಮ್ಮ ಪ್ರಾಣಿ ಹಕ್ಕುಗಳ ಗುಂಪಿಗೆ ಮಾತು ಕೊಟ್ಟಿದ್ದೇನೆ.

ಸದ್ಯಕ್ಕೆ ಕಂಡಿರುವುದು ಬಕೆಟ್‌ಗಳನ್ನು ಮಾತ್ರ. ವಿಭಾಗದ ಹಿರಿಯಳು ಬೆವ್ ಹಾರ್ಕಿನ್. ದಪ್ಪ ಕನ್ನಡಕ, ಮಂಡಿಗೆ ಪಟ್ಟಿ, ಬಾಯಿ ಒಂದು ಹಳೆಯ ಕತ್ತರಿ. ಮೊದಲ ದಿನವೇ ಹೇಳಿದಳು: “ಪ್ರಾಣಿ ಪ್ರೀತಿ ಎಲ್ಲಾ ಆಮೇಲೆ ಕಣಮ್ಮ. ಮೊದ್ಲು ಬಕೆಟ್ ಉಜ್ಜು.” ಬೆಳಗಿನಿಂದ ಮಂಜುಗಡ್ಡೆ ಕಟ್ಟಿದ ಮೀನನ್ನು ತಣ್ಣೀರಿನಲ್ಲಿ ಬಿಡಿಸುವುದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು, ಹೊಟ್ಟೆ ಒಡೆದದ್ದನ್ನು ಎಸೆಯುವುದು, ಕಿವಿರಿನೊಳಗೆ ಗುಳಿಗೆ ತುರುಕುವುದು. ಕಿವಿರು ನೋಡಿ ಮೀನು ಹಿಡಿದು ಎಷ್ಟು ದಿನವಾಯಿತೆಂದು ಹೇಳುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೆವ್ ಕೈಕಟ್ಟಿ ನಿಂತು ನೋಡಿ, “ಯಾರ ಮಗಳೇ ನೀನು?” ಅಂದಳು.

ಯಾರ ಮಗಳೂ ಅಲ್ಲ ಅಂದೆ.

ಕೋಟು ಮರೆಯಬೇಡ.

ಟ್ಯಾಮ್ಸಿನ್


ಪೆನ್‌ರೋಸ್ ಕೊಲ್ಲಿ
೨೬ ಫೆಬ್ರವರಿ

ಟ್ಯಾಮ್,

ಕೋಟು ಗುರುವಾರದ ಬಸ್ಸಿಗೆ ಹಾಕಿದ್ದೇನೆ. ನಿನ್ನದನ್ನು ಇಲಿ ಕಡಿದಿದೆ. ಆದ್ದರಿಂದ ನನ್ನ ಹಳೆಯದನ್ನು ಕಳಿಸಿದ್ದೇನೆ. ತೋಳು ಉದ್ದವಾದರೆ ಮಡಚಿಕೋ. ಎಡಜೇಬಿನಲ್ಲಿ ಗಾಳವಿದ್ದೀತು, ಕೈ ಹಾಕುವ ಮೊದಲು ನೋಡಿಕೋ.

ಊರೆಲ್ಲ ಗೊತ್ತಾಗಿದೆ. ನಾನು ಹೇಳಿದ್ದಲ್ಲ, ಅಂಚೆಯವಳು ಲಕೋಟೆಯ ಮೇಲಿನ ಅಕ್ವೇರಿಯಂ ಚಿತ್ರ ನೋಡಿ ಹೇಳಿದ್ದು. ನಿನ್ನೆ ಬಲೆ ಹೆಣೆಯುತ್ತಿದ್ದಾಗ ಕ್ಲಾರ್ರಿ ಪಕ್ಕದ ದೋಣಿಯಿಂದ ಕೂಗಿದ:

“ಏನೋ ಮರ್ವ್, ನಿನ್ನ ಮಗಳು ಕಳ್ಳರ ಮನೇಲಿ ಅಡುಗೆಗೆ ಸೇರಿದ್ಳಂತೆ?”

“ಸೇರ್ಲಿ ಬಿಡೋ. ಕಳ್ಳರಾದ್ರೂ ಉಂಡು ಹೊಗಳ್ತಾರೆ. ನಿನಗೆ ಹಾಕಿದ್ರೆ ಉಪ್ಪಿಲ್ಲ ಅಂತೀಯ” ಅಂದೆ.

ಆದರೂ ನಿನಗೆ ಹೇಳುತ್ತೇನೆ. ಈ ತಿಂಗಳು ಸೀಲ್‌ಗಳು ನನ್ನ ಬಲೆಯನ್ನು ಎರಡು ಕಡೆ ಹರಿದಿವೆ. ಕಾಣೆ ಮೀನಿನ ಹೊಟ್ಟೆಯಷ್ಟನ್ನೇ ಕಚ್ಚಿ ತಲೆಯನ್ನು ನನಗೆ ಬಿಟ್ಟಿವೆ. ನೀನು ಅಲ್ಲಿ ಅವುಗಳ ಅಣ್ಣತಮ್ಮಂದಿರಿಗೆ ಗುಳಿಗೆ ಇಟ್ಟು ತಿನ್ನಿಸುತ್ತಿದ್ದೀಯ. ಊರಿಗೆ ಉಪಕಾರಿ, ಮನೆಗೆ ಮಾರಿ.

ಗಾಳಿ ದಕ್ಷಿಣದ್ದು. ಎರಡು ದಿನ ದೋಣಿ ಇಳಿಸಿಲ್ಲ.

ಮರ್ವ್ ಪೆಂಗೆಲ್ಲಿ


ಪೋರ್ಟ್ ಮೆರಿಡನ್
೧೮ ಏಪ್ರಿಲ್

ಅಪ್ಪ,

ಕೋಟು ಬಂತು. ಗಾಳವೂ ಬಂತು, ಬೆರಳಿಗೆ ಚುಚ್ಚಿತು.

ಇವತ್ತು ನಾನು ಕಂಡದ್ದನ್ನು ಯಾರಿಗಾದರೂ ಹೇಳಲೇಬೇಕು. ನಮ್ಮ ಗುಂಪಿನವರಿಗೆ ಬರೆದರೆ ನಾನು ಮೆತ್ತಗಾದೆ ಅನ್ನುತ್ತಾರೆ. ನೀನಾದರೆ ಮೊದಲೇ ನನ್ನನ್ನು ಹುಚ್ಚಿ ಅಂದುಕೊಂಡಿದ್ದೀಯ, ಹೊಸ ನಷ್ಟವೇನಿಲ್ಲ.

ಇಲ್ಲೊಬ್ಬಳು ಮುದಿ ಕಡಲಸಿಂಹವಿದ್ದಾಳೆ, ಡಚೆಸ್ ಅಂತ. ಯಾವುದೋ ಸರ್ಕಸ್ ಮುಚ್ಚಿದಾಗ ಬಂದವಳು. ಒಂದು ಕಣ್ಣಿಗೆ ಪೊರೆ ಬಂದಿದೆ. ತಿಂಗಳಿಗೊಮ್ಮೆ ಅವಳ ರಕ್ತ ಪರೀಕ್ಷೆಯಾಗಬೇಕು. ಹೇಗೆ ಮಾಡುತ್ತಾರೆಂದು ನಾನು ಊಹಿಸಿಕೊಂಡಿದ್ದೆ: ಬಲೆ, ಹಗ್ಗ, ಮೈಮೇಲೆ ಬೀಳುವ ನಾಲ್ಕು ಜನ. ಕರಪತ್ರದ ಮೊದಲ ಸಾಲನ್ನೂ ಮನಸ್ಸಿನಲ್ಲೇ ಬರೆದುಕೊಂಡು ಹೋಗಿದ್ದೆ.

ಬೆವ್ ಒದ್ದೆ ಸಿಮೆಂಟಿನ ಮೇಲೆ ಕಾಲು ಚಾಚಿ ಕೂತಳು. ಸೂಜಿ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗಿತ್ತು. ಕೊಳದ ಕಡೆಯ ಬಾಗಿಲು ಪೂರ್ತಿ ತೆರೆದಿತ್ತು. ಬೆವ್ ತೊಡೆ ತಟ್ಟಿದಳು. ಎಮ್ಮೆಯ ಕರುವಿನಷ್ಟು ದೊಡ್ಡ ಆ ಮುದುಕಿ ನೀರಿನಿಂದ ಎದ್ದು, ಉಸ್ಸೆಂದು, ಮೈ ಎಳೆದುಕೊಂಡು ಬಂದು ಮಲಗಿದಳು. ಹಿಂಗಾಲಿನ ಈಜುರೆಕ್ಕೆಯನ್ನು ಬೀಸಣಿಗೆಯಂತೆ ಬಿಚ್ಚಿ ಬೆವ್‌ಳ ಮಡಿಲಲ್ಲಿಟ್ಟಳು. ಸೂಜಿ ತಾಕಿತು. ಡಚೆಸ್ ಎದ್ದಳು, ಹೋದಳು, ನೀರಿಗೆ ಬಿದ್ದಳು.

ಯಾರೂ ಅವಳನ್ನು ತಡೆಯಲಿಲ್ಲ. ಬೆವ್ ಸೂಜಿ ಕೆಳಗಿಟ್ಟು ಸುಮ್ಮನೆ ಕೂತಳು.

“ಈಗ ಏನ್ ಮಾಡೋದು?” ಅಂದೆ.

“ಏನೂ ಇಲ್ಲ. ಬೇಡ ಅಂದ್ಳು, ಹೋದ್ಳು.”

“ಬರ್ದೇ ಇದ್ರೆ?”

“ನಾಳೆ ಕೇಳೋಣ. ಬೇಡ ಅನ್ನೋಕ್ಕೆ ಬಿಡ್ಲಿಲ್ಲ ಅಂದ್ರೆ, ಅವಳು ಹೂಂ ಅನ್ನೋದಕ್ಕೆ ಏನೇ ಬೆಲೆ ಇದೆ?”

ಅಪ್ಪ, ಡಚೆಸ್ ಕೊಳವನ್ನೊಂದು ಸುತ್ತು ಹಾಕಿದಳು. ಪೊರೆಯಿಲ್ಲದ ಕಣ್ಣನ್ನು ನೀರಿನ ಮೇಲೆ ಎತ್ತಿ ನಮ್ಮನ್ನು ನೋಡಿದಳು. ಸೂಜಿಯನ್ನೂ ನೋಡಿದಳು. ಆಮೇಲೆ ತಾನಾಗಿಯೇ ಮೇಲೆ ಬಂದು, ಅದೇ ರೆಕ್ಕೆಯನ್ನು ಅದೇ ಮಡಿಲಲ್ಲಿಟ್ಟು ಮುಖ ಆಚೆ ತಿರುಗಿಸಿಕೊಂಡಳು. ದಂತವೈದ್ಯರ ಹತ್ತಿರ ನೀನು ಮುಖ ತಿರುಗಿಸುವ ಹಾಗೆಯೇ. ರಕ್ತ ಬಂತು.

ಕೊಳ ಈಗಲೂ ಸೆರೆಮನೆಯೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಸೆರೆಯ ನಡುವೆ ಇಂಥದೊಂದು ಸ್ವಾತಂತ್ರ್ಯವನ್ನು ಅವರಿಬ್ಬರೂ ಕೂಡಿ ಕಟ್ಟಿಕೊಂಡಿದ್ದಾರೆ. ನಾನು ಓದಿದ ಯಾವ ಕರಪತ್ರದಲ್ಲೂ ಇದಕ್ಕೆ ಜಾಗವಿರಲಿಲ್ಲ.

ಹೋಗುವಾಗ ಡಚೆಸ್ ನಿನ್ನ ಕೋಟಿಗೆ ಮೂಗಿಟ್ಟು, ಮೀಸೆಯಿಂದ ಒಂದೊಂದು ಗುಂಡಿಯನ್ನೂ ಸವರಿ ನೋಡಿದಳು. ಬೆವ್ ನಕ್ಕಳು: “ಈ ಕೋಟಲ್ಲಿ ಇಡೀ ಸಮುದ್ರ ಇದೆ ಕಣೇ.”

ಟ್ಯಾಮ್ಸಿನ್


ಪೆನ್‌ರೋಸ್ ಕೊಲ್ಲಿ
೩೦ ಮೇ

ಟ್ಯಾಮ್,

ಕಾಗದ ಎರಡು ಸಲ ಓದಿದೆ. ದಂತವೈದ್ಯರ ವಿಷಯ ಬರೆಯಬೇಕಾಗಿರಲಿಲ್ಲ.

ಇಲ್ಲಿ ಚಳಿಗಾಲ ಶುರುವಾಗಿದೆ. ಮೀನು ಕಡಿಮೆ.

ದೋಣಿ ಕಟ್ಟುವ ದಕ್ಕೆಯ ಕೆಳಗಿನ ಬಂಡೆಗಳ ಮೇಲೆ ಒಂದು ಮರಿ ಸೀಲ್ ಬಂದು ಕೂತಿದೆ. ತೀರಾ ಮರಿಯಲ್ಲ, ಹಾಲು ಬಿಟ್ಟದ್ದು. ಕತ್ತಿನಲ್ಲಿ ಬಲೆಯ ತುಂಡು ಸಿಕ್ಕಿಕೊಂಡಿದೆ. ಅದು ಬೆಳೆಯುತ್ತಿದೆ, ಬಲೆ ಬೆಳೆಯುತ್ತಿಲ್ಲ. ದಾರ ಚರ್ಮದೊಳಗೆ ಇಳಿದಿದೆ. ಕಪ್ಪು ದಾರ. ನಮ್ಮೂರಿನವರೆಲ್ಲ ಬಳಸುವ ದಾರವೇ. ಯಾರದು ಎಂದು ಹೇಳಲಾಗದು.

ಕ್ಲಾರ್ರಿ ಬಂದೂಕು ತಂದ. “ಒಂದೇ ಏಟು, ಅದಕ್ಕೂ ಒಳ್ಳೇದು, ನಮಗೂ ಒಳ್ಳೇದು” ಅಂದ. ಇವತ್ತು ಬೇಡ, ಭಾನುವಾರ ಅಂದೆ. “ಯಾವಾಗಿಂದ ನೀನು ಭಾನುವಾರ ನೋಡೋಕ್ಕೆ ಶುರು ಮಾಡಿದ್ದು?” ಎಂದು ನಕ್ಕು ಮನೆಗೆ ಹೋದ.

ಅದು ನೀರಿನಲ್ಲಿ ಮಲಗುವಾಗ ಒಂದು ರೆಕ್ಕೆಯನ್ನು ಮೇಲೆತ್ತಿ ಹಿಂಗಾಲಿಗೆ ಸೇರಿಸಿಕೊಂಡು ತೇಲುತ್ತದೆ. ನೀರಿನ ಜಗ್ಗಿನ ಹಿಡಿಯ ಹಾಗೆ. ಎಲ್ಲ ಸೀಲ್‌ಗಳೂ ಹಾಗೆಯೇ ಮಲಗುವುದು. ಇಷ್ಟು ವರ್ಷ ನೋಡಿದ್ದೇನೆ, ಈಗ ಯಾಕೆ ಬರೆಯುತ್ತಿದ್ದೇನೋ ತಿಳಿಯದು.

ಮರ್ವ್ ಪೆಂಗೆಲ್ಲಿ


ಪೋರ್ಟ್ ಮೆರಿಡನ್
೯ ಜೂನ್

ಅಪ್ಪ,

ನಿನ್ನ ಮರಿ ನಮ್ಮಲ್ಲಿದ್ದಾನೆ.

ನಿನ್ನ ಕಾಗದ ಬರುವುದಕ್ಕೂ ಮೊದಲೇ ಅವನು ಬಂದ. ಸೋಮವಾರ ಬೆಳಿಗ್ಗೆ ಯಾರೋ ಪಬ್ಬಿನ ಫೋನಿನಿಂದ ಕರೆ ಮಾಡಿದರಂತೆ. ಎತ್ತಿದ್ದು ಬೆವ್. “ಹೆಸರು ಹೇಳ್ಲಿಲ್ಲ ಕಣೇ. ‘ಪೆನ್‌ರೋಸ್ ಕೊಲ್ಲಿ, ದಕ್ಕೆ ಕೆಳಗೆ, ಉಬ್ಬರಕ್ಕೆ ಮುಂಚೆ ಬನ್ನಿ, ಮೀನು ತಿನ್ಸೋದು ಬಿಟ್ಟು ಬೇರೆ ಕೆಲ್ಸ ಇಲ್ವಾ ನಿಮಗೆ’ ಅಂತ ನನಗೇ ಬೈದು ಫೋನ್ ಇಟ್ಬಿಟ್ಟ” ಎಂದಳು. ಯಾರಿರಬಹುದೆಂದು ನನ್ನನ್ನು ಕೇಳಿದಳು. ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ ಮಾತಾಡುವುದು ಎಂದೆ.

ಬಲೆ ಕತ್ತರಿಸುವಾಗ ದೀಪ ಹಿಡಿದು ನಿಂತವಳು ನಾನು. ಪಶುವೈದ್ಯರು ಒಂದೊಂದೇ ಎಳೆ ಬಿಡಿಸಿದರು. ಗಾಯದ ವಾಸನೆಗೆ ಕಣ್ಣಲ್ಲಿ ನೀರು ಬಂತು. ಅಪ್ಪ, ಸೀಲ್‌ಗಳು ಉಸಿರನ್ನು ಬೇಕಾದಾಗ ಹಿಡಿಯುತ್ತವೆ, ಬೇಕಾದಾಗ ಬಿಡುತ್ತವೆ. ಮತ್ತಿನಲ್ಲಿದ್ದಾಗಲೂ ಅವನು ಉಸಿರು ಕಟ್ಟಿಬಿಟ್ಟ. ಕೋಣೆಯಲ್ಲಿದ್ದವರೆಲ್ಲ ತಾವೂ ಉಸಿರು ಹಿಡಿದು ನಿಂತರು. ಅವನ ಎದೆಯೊಳಗೆ ಗುಂಡಿಗೆ ನಿಧಾನ, ಇನ್ನೂ ನಿಧಾನ, ಆಳಕ್ಕೆ ಇಳಿಯುವವನ ಹಾಗೆ. ಇವನು ಎಲ್ಲಿಗೆ ಮುಳುಗಿದ್ದಾನೆ, ನಮ್ಮಲ್ಲಿ ಯಾರೂ ಹೋಗಲಾರದ ಯಾವ ಕತ್ತಲಿಗೆ ಎನ್ನಿಸಿತು. ಆಮೇಲೆ ಮೂಗಿನ ಹೊಳ್ಳೆಗಳು ಅರಳಿದವು, ಬಿಸಿಗಾಳಿ ನನ್ನ ಕೈಗೆ ಬಡಿಯಿತು. ದೇವರನ್ನು ನಂಬದ ನಾನು ಆ ಹೊತ್ತಿನಲ್ಲಿ ಯಾರಿಗೆ ಥ್ಯಾಂಕ್ಸ್ ಹೇಳಿದೆನೋ ಗೊತ್ತಿಲ್ಲ.

ಗಾಯ ಮಾಗಿದ ಮೇಲೆ ಅವನನ್ನು ಸಮುದ್ರಕ್ಕೆ ಬಿಡುತ್ತಾರೆ. ಆದ್ದರಿಂದ ಅವನ ಕೊಳದ ರೀತಿಯೇ ಬೇರೆ. ಅಲ್ಲಿ ಮಾತಾಡುವಂತಿಲ್ಲ, ಹೆಸರಿಡುವಂತಿಲ್ಲ. ಎಲ್ಲರೂ ಒಂದೇ ಬೂದುಬಣ್ಣದ ಕೋಟು ಹಾಕಬೇಕು. ಎತ್ತರದ ಹಲಗೆಯ ಹಿಂದೆ ನಿಂತು, ಕೊಳವೆಯಲ್ಲಿ ಮೀನು ಜಾರಿಸಬೇಕು. ಮೀನು ಮನುಷ್ಯರಿಂದ ಬರುತ್ತದೆ ಎಂದು ಅವನಿಗೆ ಗೊತ್ತಾಗಲೇಬಾರದು. ಡಚೆಸ್‌ಗೆ ಕಲಿಸುವುದೆಲ್ಲವನ್ನೂ ಇವನಿಗೆ ಕಲಿಸದೆ ಇರುವುದೇ ಇಲ್ಲಿನ ಕೆಲಸ.

ನಾನು ಮಾತ್ರ ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದೇನೆ. ಜಗ್. ನಿನ್ನ ಕಾಗದದಿಂದಲೇ ತೆಗೆದುಕೊಂಡದ್ದು.

ಟ್ಯಾಮ್


ಪೆನ್‌ರೋಸ್ ಕೊಲ್ಲಿ
೨೭ ಜೂನ್

ಟ್ಯಾಮ್,

ಫೋನ್ ಮಾಡಿದ್ದು ಯಾರೋ ನನಗೆ ತಿಳಿಯದು. ಆ ದಿನ ಪಬ್ಬಿನಲ್ಲಿ ಬೇರೆ ಊರಿನವರೂ ಇದ್ದರು.

ಕಳ್ಳ ಹೇಗಿದ್ದಾನೆ? ಕ್ಲಾರ್ರಿ ಕೇಳುತ್ತಿದ್ದ.

ಹುಚ್ಚುಚ್ಚಾಗಿ ಹೆಸರಿಡಬೇಡ ಎಂದಿದ್ದರೆ ಇಡಬೇಡ. ಹೇಳಿದ ಮಾತು ಕೇಳುವ ಅಭ್ಯಾಸ ಯಾವ ವಯಸ್ಸಿನಲ್ಲಾದರೂ ಶುರು ಮಾಡಬಹುದು.

ಮರ್ವ್ ಪೆಂಗೆಲ್ಲಿ


ಪೋರ್ಟ್ ಮೆರಿಡನ್
೨೨ ಆಗಸ್ಟ್

ಅಪ್ಪ,

ನೀನು ಹೇಳಿದ್ದು ಸರಿ. ಈ ಮಾತನ್ನು ನಾನು ಬರವಣಿಗೆಯಲ್ಲಿ ಕೊಡುತ್ತಿದ್ದೇನೆ, ಬೇಕಾದರೆ ಪಬ್ಬಿನ ಗೋಡೆಗೆ ಅಂಟಿಸಿಕೋ.

ಜಗ್‌ನನ್ನು ನಾನು ಕೆಡಿಸಿದ್ದೇನೆ.

ಗಾಯಕ್ಕೆ ಹೊಲಿಗೆ ಹಾಕಿದ ಮೇಲೆ ಅವನು ತಿನ್ನುವುದನ್ನು ಬಿಟ್ಟಿದ್ದ. ಕೊಳವೆಯಿಂದ ಬಿದ್ದ ಮೀನೆಲ್ಲ ಕೊಳದ ತಳದಲ್ಲಿ ಬೆಳ್ಳಗೆ ಬಿದ್ದಿರುತ್ತಿತ್ತು. ಕಾಯಬೇಕು ಎಂದಳು ಬೆವ್. ಅವನ ಪಕ್ಕೆಲುಬು ಎದ್ದು ಕಾಣುತ್ತಿತ್ತು, ನನಗೆ ಕಾಯಲಾಗಲಿಲ್ಲ. ಒಂದು ಮಧ್ಯಾಹ್ನ ಮಳೆ ಬರುತ್ತಿತ್ತು. ಬೂದು ಕೋಟುಗಳೆಲ್ಲ ಒಗೆಯಲು ಹೋಗಿದ್ದವು. ನಿನ್ನ ಹಳದಿ ಕೋಟಿನಲ್ಲೇ ಹಲಗೆಯ ಈಚೆ ಬಂದೆ. ಬೆವ್ ಡಚೆಸ್ ಎದುರು ಕೂರುವ ಹಾಗೆ ಕಾಲು ಚಾಚಿ ಕೂತೆ. ಸಣ್ಣ ದನಿಯಲ್ಲಿ ಮಾತಾಡಿದೆ, ಏನೇನೋ, ಊರಿನ ವಿಷಯ. ಅವನು ಬಂದ. ಕೋಟಿನ ಅಂಚಿಗೆ ಮೀಸೆ ತಾಗಿಸಿದ. ಎಷ್ಟು ಹಗುರ ಗೊತ್ತಾ, ಕುರುಡರು ಹೊಸಬರ ಮುಖ ಮುಟ್ಟುವಷ್ಟು ಹಗುರ. ನನ್ನ ಕೈಯಿಂದ ಒಂದು ಮೀನು ತೆಗೆದುಕೊಂಡ. ಇನ್ನೊಂದು ತೆಗೆದುಕೊಂಡ. ಮರುದಿನವೂ ಹಾಗೆಯೇ ಕೂತೆ. ಅದರ ಮರುದಿನವೂ. ಅವನು ಮೈ ತುಂಬಿಕೊಂಡ. ನಾನು ಯಾರಿಗೂ ಹೇಳಲಿಲ್ಲ.

ಹೋದ ವಾರ ಬೆವ್ ಮಳೆಯಲ್ಲಿ ಯಾರದೋ ಹಳದಿ ಕೋಟು ತಲೆಗೆ ಹೊದ್ದು ಆ ದಾರಿಯಲ್ಲಿ ಓಡಿದಳು. ಜಗ್ ನೀರಿನಿಂದ ಹಾರಿ ಬಂದು ಬೇಲಿಗೆ ಎದೆಕೊಟ್ಟು ಬಾಯಿ ತೆರೆದು ನಿಂತ. ಬೆವ್ ಅವನನ್ನು ನೋಡಿದಳು, ಕೋಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಅವನನ್ನ ಬದುಕ್ಸಿದ್ದು ನೀನೇ ಇರ್ಬಹುದು” ಅಂದಳು. “ಕೆಡ್ಸಿದ್ದಂತೂ ನೀನೇ.”

ಅಕ್ಟೋಬರ್‌ನಲ್ಲಿ ಅವನಿಗೆ ಪರೀಕ್ಷೆ. ಕೊಳದ ದಂಡೆಯಲ್ಲಿ ಒಬ್ಬರು ಮೀನು ಹಿಡಿದು ನಿಲ್ಲುತ್ತಾರೆ. ಅವನು ಹೆದರಿ ದೂರ ಹೋದರೆ ಸಮುದ್ರಕ್ಕೆ. ಹತ್ತಿರ ಬಂದರೆ ಸಾಯುವವರೆಗೆ ಕೊಳಕ್ಕೆ. ಒಳನಾಡಿನ ಒಂದು ಉದ್ಯಾನದವರು ಆಗಲೇ ಕೇಳಿದ್ದಾರೆ, ಅವರಿಗೆ ಚೆಂಡಾಡಿಸಲು ಒಂದು ಗಂಡು ಸೀಲ್ ಬೇಕಂತೆ. ಕೊಳಗಳಿಗೆ ಬೆಂಕಿ ಹಚ್ಚುವಂತೆ ಬರೆದ ಕೈಯೇ ಅವನನ್ನು ಕೊಳಕ್ಕೆ ತಳ್ಳುತ್ತಿದೆ ಅಪ್ಪ. ಹಾಗೆಂದು ಪರೀಕ್ಷೆಯನ್ನು ಹೇಗೋ ದಾಟಿಸಿ ಸಮುದ್ರಕ್ಕೆ ಬಿಟ್ಟೆವು ಎಂದುಕೋ, ಆಗ ಅವನು ಹಳದಿ ಕೋಟು ಕಂಡಲ್ಲೆಲ್ಲ ಹೋಗುತ್ತಾನೆ. ನಮ್ಮ ಸಮುದ್ರದಲ್ಲಿ ಹಳದಿ ಕೋಟು ಹಾಕದವರು ಯಾರಿದ್ದಾರೆ? ಕ್ಲಾರ್ರಿಯ ಬಂದೂಕಿನ ತುದಿಗೆ ಅವನು ಬಾಯಿ ತೆರೆದುಕೊಂಡು ಹೋಗುತ್ತಾನೆ.

ಕೆಡಿಸಿದವಳೇ ಸರಿಮಾಡಬೇಕು, ಅದೇ ಕೋಟು ಹಾಕಿ ಅವನನ್ನು ಹೆದರಿಸಬೇಕು ಎಂದಳು ಬೆವ್. ಮೂರು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಕಿರುಚಿದೆ, ಕೈ ಬೀಸಿದೆ. ಅವನು ಇನ್ನೂ ಹತ್ತಿರ ಬಂದ.

ನೀನು ಜೀವಮಾನವೆಲ್ಲ ಸೀಲ್‌ಗಳನ್ನು ಬೈದು ಓಡಿಸಿದ್ದೀಯ. ನನಗೆ ಹೇಳಿಕೊಡು.

ಟ್ಯಾಮ್


ಪೆನ್‌ರೋಸ್ ಕೊಲ್ಲಿ
೨೭ ಆಗಸ್ಟ್

ಟ್ಯಾಮ್,

ಕಾಗದ ಬಂದ ದಿನವೇ ಬರೆಯುತ್ತಿದ್ದೇನೆ. ದೋಣಿಗೆ ಹೋಗಿಲ್ಲ.

ಕೈ ಬೀಸಬೇಡ. ಬೀಸಿದ ಕೈ ಅದಕ್ಕೆ ಮೀನು ಎಸೆಯುವ ಕೈ. ಏನನ್ನೂ ಎಸೆಯಬೇಡ, ಕಲ್ಲನ್ನೂ ಎಸೆಯಬೇಡ. ಬಿದ್ದದ್ದನ್ನು ನೋಡಲು ಬಂದೇ ಬರುತ್ತದೆ.

ಕಿರುಚಬೇಡ. ಹೆಂಗಸರ ಕಿರುಚಾಟ ಅದಕ್ಕೆ ಕಡಲಹಕ್ಕಿಯ ಕೂಗಿನ ಹಾಗೆ. ಕಡಲಹಕ್ಕಿ ಇದ್ದಲ್ಲಿ ಮೀನಿರುತ್ತದೆ. ದನಿ ಹೊಟ್ಟೆಯಿಂದ ಬರಲಿ. ಗಂಡು ಸೀಲ್ ಜಾಗಕ್ಕಾಗಿ ಕೂಗುವುದನ್ನು ಚಿಕ್ಕಂದಿನಲ್ಲಿ ನಿನಗೆ ಕೇಳಿಸಿದ್ದೇನೆ. ಹಾಗೆ.

ದೋಣಿಯ ಹುಟ್ಟಿನ ಅಗಲವಾದ ಕಡೆಯಿಂದ ನೀರಿಗೆ ಚಪ್ಪಟೆಯಾಗಿ ಹೊಡೆ. ಅವನ ಪಕ್ಕದ ನೀರಿಗೆ, ಅವನಿಗಲ್ಲ.

ಹೆಸರು ಹಿಡಿದು ಬೈಯಬೇಡ. ನೀನು ಹಿಡಿದು ಬೈಯುತ್ತಿದ್ದೀಯ ಅಂತ ನನಗೆ ಗೊತ್ತು. ಹೆಸರು ಹಿಡಿದು ಬೈದರೆ ಅದು ಬೈದದ್ದಲ್ಲ, ಕರೆದದ್ದು.

ಅರ್ಧ ಮನಸ್ಸಿನಿಂದ ಬೈದರೆ ಅವುಗಳಿಗೆ ತಿಳಿಯುತ್ತದೆ. ಆದ್ದರಿಂದ ಬೈಯುವ ಹೊತ್ತಿನಲ್ಲಿ ಪ್ರೀತಿ ಗೀತಿ ಎಲ್ಲವನ್ನೂ ದಡದಲ್ಲಿ ಬಿಟ್ಟು ಹೋಗು. ಆಮೇಲೆ ಬಂದು ತೆಗೆದುಕೊಳ್ಳಬಹುದು. ಅಲ್ಲೇ ಇರುತ್ತದೆ.

ಕೊನೆಯದು. ಬೈದ ಮೇಲೆ ಬೆನ್ನು ತಿರುಗಿಸಿ ನಿಲ್ಲು. ಹೋಯಿತೇ ಎಂದು ನೋಡುತ್ತಾ ನಿಂತರೆ ಅದು ನಿನ್ನ ಮುಖ ನೋಡಿ ವಾಪಸು ಬರುತ್ತದೆ. ಇದು ಎಲ್ಲಕ್ಕಿಂತ ಕಷ್ಟ. ಇದನ್ನು ಮಾಡದಿದ್ದರೆ ಮೇಲೆ ಬರೆದದ್ದೆಲ್ಲ ದಂಡ.

ಹುಟ್ಟು ಬಸ್ಸಿಗೆ ಹಾಕಿದ್ದೇನೆ. ಬಸ್ಸಿನವನು ಗೊಣಗಿದ.

ಮರ್ವ್


ಪೋರ್ಟ್ ಮೆರಿಡನ್
೨೪ ಅಕ್ಟೋಬರ್

ಅಪ್ಪ,

ನಿನ್ನ ಕಾಗದದ ಕೊನೆಯಲ್ಲಿದ್ದ ಬೆನ್ನು ತಿರುಗಿಸುವ ಮಾತು ಓದಿ ಸ್ವಲ್ಪ ಹೊತ್ತು ಅದನ್ನು ಕೆಳಗಿಟ್ಟೆ. ಅದರ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ.

ಕಾಗದವನ್ನು ಬೆವ್‌ಗೆ ತೋರಿಸಿದೆ. ಅರ್ಧ ನಗುತ್ತಾ ಓದಿದಳು, ಅರ್ಧ ನಗದೆ ಓದಿದಳು. “ಯಾರ ಮಗಳೂ ಅಲ್ಲ ಅಂದಿದ್ದೆ?” ಅಂದಳು. ಆಮೇಲೆ ಮೀನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನನಗೆ ಹೊಟ್ಟೆಯಿಂದ ಕೂಗುವುದನ್ನು ಅಭ್ಯಾಸ ಮಾಡಿಸಿದಳು. ಆಚೆ ಕೊಳದಿಂದ ಡಚೆಸ್ ಉತ್ತರ ಕೊಡುತ್ತಿದ್ದಳು.

ಮೊದಲ ಸಲ ಸರಿಯಾಗಿ ಬೈದ ದಿನ ಜಗ್ ನೀರಿನ ನಡುವೆ ನಿಂತುಬಿಟ್ಟ. ಹುಟ್ಟಿನ ಸದ್ದಿಗೆ ಬೆಚ್ಚಿದ್ದ. ಕಣ್ಣು ಇಷ್ಟಗಲ. ಇವಳು ಅವಳೇನಾ ಎಂದು ಕೋಟನ್ನು ನೋಡಿದ. ನಾನು ಬೆನ್ನು ತಿರುಗಿಸಿದೆ. ಗೋಡೆಯಲ್ಲೊಂದು ಬಿರುಕಿತ್ತು, ಅದನ್ನೇ ನೋಡುತ್ತಾ ನಿಂತೆ. ಹಿಂದೆ ಅವನ ಉಸಿರು ಕೇಳುತ್ತಿತ್ತು. ಅಪ್ಪ, ಆ ಬಿರುಕಿನ ಒಂದೊಂದು ಕವಲೂ ಈಗ ನನಗೆ ಬಾಯಿಪಾಠ.

ಪರೀಕ್ಷೆಯ ದಿನ ಹಳದಿ ಕೋಟು ಹಾಕಿ ಮೀನು ಹಿಡಿದು ನಿಂತವರು ಪಶುವೈದ್ಯರು. ನಾನು ಹಲಗೆಯ ಹಿಂದೆ ಕೂತು ನಿನ್ನ ಹುಟ್ಟನ್ನು ಎರಡು ಕೈಯಲ್ಲಿ ಹಿಡಿದಿದ್ದೆ. ಜಗ್ ತಲೆ ಎತ್ತಿದ. ಹತ್ತಿರ ಬಂದ. ಇನ್ನಷ್ಟು ಬಂದ. ಬೆವ್ ಕಣ್ಣು ಮುಚ್ಚಿಕೊಂಡಳು. ಅವನು ಮೀನನ್ನೂ ಕೋಟನ್ನೂ ನೋಡಿ, ಒಂದೇ ಒಂದು ಸಲ ಕೆಮ್ಮಿದ ಹಾಗೆ ಬೊಗಳಿ, ಮೈ ಮಡಚಿ ತಳಕ್ಕೆ ಹೋದ. ಪಶುವೈದ್ಯರ ಕೈ ಸೋಲುವವರೆಗೂ ಮೇಲೆ ಬರಲಿಲ್ಲ. ಅವನು ಗೆದ್ದ. ನಾನು ಹಲಗೆಯ ಹಿಂದೆ ಬಾಯಿಗೆ ತೋಳು ತುರುಕಿಕೊಂಡು ಅತ್ತೆ, ಸದ್ದು ಮಾಡುವಂತಿರಲಿಲ್ಲವಲ್ಲ.

ಗುರುವಾರ ಅವನನ್ನು ಬಿಟ್ಟೆವು. ಸೀಲ್‌ಗಳ ದ್ವೀಪದ ಹತ್ತಿರ, ದೋಣಿಯಿಂದ. ಪೆಟ್ಟಿಗೆಯ ಬಾಗಿಲು ತೆಗೆದಾಗ ಅವನು ತಕ್ಷಣ ಹೋಗಲಿಲ್ಲ. ಅಂಚಿನಲ್ಲಿ ನಿಂತು ಗಾಳಿಯನ್ನು ಕುಡಿದ. ಜಾರಿದ. ನಾನು ಇಷ್ಟು ದಿನ ನೋಡಿದ್ದು ಕೊಳದ ಸೀಲನ್ನು, ತಿರುವು ತಿರುವಿಗೂ ಗೋಡೆಯನ್ನು ನೆನೆಸಿಕೊಳ್ಳುತ್ತಿದ್ದ ಸೀಲನ್ನು. ಇಲ್ಲಿ ಗೋಡೆ ಬರಲಿಲ್ಲ. ಅವನು ಗೋಡೆಗಾಗಿ ಕಾದ, ಬರಲಿಲ್ಲ, ಮತ್ತೂ ಬರಲಿಲ್ಲ. ಆಗ ಅವನಿಗೆ ತಿಳಿಯಿತು. ತಿಳಿದದ್ದು ನಮಗೂ ಕಂಡಿತು. ನೀರೊಳಗಿನಿಂದ ಬಾಣದಂತೆ ಮೇಲೆದ್ದು ಗಾಳಿಯಲ್ಲಿ ಬಿಲ್ಲಾಗಿ ಬಾಗಿ ಮತ್ತೆ ಒಳಗೆ. ಬೆವ್ ತನ್ನ ದಪ್ಪ ಕನ್ನಡಕ ತೆಗೆದು ಒರೆಸಿಕೊಂಡಳು. ಇಷ್ಟು ವರ್ಷವಾದರೂ ಇದು ಹಳತಾಗಿಲ್ಲ ಅಂದಳು.

ಬಿಸಿಲು ಸ್ವಚ್ಛವಾಗಿತ್ತು. ದೂರದಲ್ಲಿ ನಮ್ಮ ದಕ್ಕೆಯ ಬಿಳಿ ಗೋದಾಮು ಕಂಡಿತು. ನಾನು ಯಾರಿಗೂ ತೋರಿಸಲಿಲ್ಲ.

ಕರಪತ್ರ ಬರೆದುಕೊಟ್ಟೆ. ಸರ್ಕಸ್ಸಿಗೂ ಚೆಂಡಾಟಕ್ಕೂ ಪ್ರಾಣಿ ಸಾಕುವುದನ್ನು ನಿಲ್ಲಿಸಬೇಕು ಎಂದಿದ್ದೇನೆ. ಹರಿದ ಬಲೆಯ ತುಂಡನ್ನು ನೀರಿಗೆ ಬಿಡಬಾರದು ಎಂದಿದ್ದೇನೆ. ಬಲೆ ಹಾಕುವವರೆಲ್ಲ ಕೊಲೆಗಾರರು ಎಂದು ಮಾತ್ರ ಬರೆಯಲಿಲ್ಲ. ನಮ್ಮವರಿಗೆ ಹಿಡಿಸಲಿಲ್ಲ. ಅವರ ಜೊತೆ ಇನ್ನೂ ಜಗಳವಾಡುತ್ತಿದ್ದೇನೆ, ಬಿಡುವುದಿಲ್ಲ.

ಅಪ್ಪ, ಒಂದು ಕೇಳಿಕೊಳ್ಳುತ್ತೇನೆ. ಅವನು ನಿಮ್ಮ ಕಡೆಯೇ ಬರಬಹುದು. ಕತ್ತಿನ ಸುತ್ತ ಕೂದಲಿಲ್ಲದ ಗೆರೆಯಿದೆ, ರೆಕ್ಕೆಯಲ್ಲಿ ಕಿತ್ತಳೆ ಬಿಲ್ಲೆಯಿದೆ. ಕೊಳದಲ್ಲಿ ಕಲಿತದ್ದು ಸಮುದ್ರದಲ್ಲಿ ಎಷ್ಟು ದಿನ ಉಳಿಯುತ್ತದೆಂದು ಬೆವ್‌ಗೂ ಗೊತ್ತಿಲ್ಲ. ನಿನ್ನ ದೋಣಿಯ ಹತ್ತಿರ ಬಂದರೆ ದಯವಿಟ್ಟು ಏನೂ ಕೊಡಬೇಡ. ಬೈ. ಚೆನ್ನಾಗಿ ಬೈ.

ನಿನ್ನ ಟ್ಯಾಮ್


ಪೆನ್‌ರೋಸ್ ಕೊಲ್ಲಿ
೧೪ ನವೆಂಬರ್

ಟ್ಯಾಮ್,

ಅವನು ಬಂದಿದ್ದ.

ಮಂಗಳವಾರ ಬೆಳಿಗ್ಗೆ, ದಕ್ಕೆಯಿಂದ ಅಷ್ಟೇನೂ ದೂರವಿಲ್ಲದ ಕಡೆ. ನಾನೂ ಕ್ಲಾರ್ರಿಯೂ ನನ್ನ ದೋಣಿಯಲ್ಲಿದ್ದೆವು, ಅವನ ದೋಣಿಯ ಯಂತ್ರ ಕೆಟ್ಟಿದೆ. ಬಲೆ ಎಳೆಯುತ್ತಿದ್ದೆವು. ನನ್ನ ಕೈಯಲ್ಲಿ ಒಂದು ಕಾಣೆ ಇತ್ತು, ಒಳ್ಳೆಯ ಗಾತ್ರದ್ದು. ತಲೆ ಎತ್ತಿದರೆ ಎರಡು ಮಾರು ದೂರದಲ್ಲಿ ಅವನು. ಕತ್ತಿನ ಗೆರೆ, ಕಿತ್ತಳೆ ಬಿಲ್ಲೆ. ಮೈಕೈ ತುಂಬಿಕೊಂಡಿದ್ದಾನೆ. ನನ್ನ ಕೋಟನ್ನೇ ನೋಡುತ್ತಿದ್ದ. ಬಾಯಿ ಅರ್ಧ ತೆರೆದಿದ್ದ.

ಕ್ಲಾರ್ರಿ ಪಿಸುಗುಟ್ಟಿದ: “ಒಂದು ಮೀನು ಹಾಕೋ ಮರ್ವ್. ಒಂದೇ ಒಂದು. ಯಾರಿಗೂ ಗೊತ್ತಾಗಲ್ಲ.”

ಬಂದೂಕು ತಂದವನು ಇವನೇ ನೋಡು.

ಕೈಯಲ್ಲಿದ್ದ ಮೀನು ತಣ್ಣಗೆ ಒದ್ದಾಡುತ್ತಿತ್ತು. ಹಾಕಿಬಿಡಬಹುದಿತ್ತು. ಇಷ್ಟು ವರ್ಷದಲ್ಲಿ ಯಾವ ಸೀಲೂ ನನ್ನನ್ನು ಹಾಗೆ ನೋಡಿರಲಿಲ್ಲ. ಅಥವಾ ನಾನು ನೋಡಿರಲಿಲ್ಲ.

ಮೀನನ್ನು ಕೆಳಗೆ ಹಾಕಿ ಹುಟ್ಟು ತೆಗೆದುಕೊಂಡೆ. ನೀರಿಗೆ ಹೊಡೆದೆ. ಬೈದೆ. ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ, ನನ್ನ ಅಪ್ಪ ನನಗೆ ಬೈಯುತ್ತಿದ್ದದ್ದನ್ನೂ ಬೈದೆ. ದಕ್ಕೆಯ ಮೇಲಿದ್ದವರು ಯಾರೋ ಮುಳುಗಿದರೆಂದು ಓಡಿಬಂದರು. ಹೆಸರು ಹಿಡಿಯಲಿಲ್ಲ. ಆಮೇಲೆ ಬೆನ್ನು ತಿರುಗಿಸಿ ನಿಂತೆ.

“ಹೋದನಾ?” ಅಂದೆ.

“ಇಲ್ಲ. ನಿನ್ನನ್ನೇ ನೋಡ್ತಿದಾನೆ.”

ತಿರುಗಲಿಲ್ಲ.

“ಈಗ?”

“ಇರೋ... ಮುಳುಗ್ದ. ಅಯ್ಯಪ್ಪಾ! ಮರ್ವ್, ದೋಣಿ ಅಡೀಲಿ ಹೋಗ್ತಿದಾನೆ ಕಣೋ. ಮಲ್ಕೊಂಡು, ಹೊಟ್ಟೆ ಮೇಲೆ ಮಾಡ್ಕೊಂಡು. ನೀರೆಲ್ಲಾ ಬೆಳ್ಳಿ ಆಗೋಯ್ತು. ಗುಳ್ಳೆ ನೋಡೋ... ಅಲ್ಲಿ ಎದ್ದ! ಹಾರಿದ! ಮತ್ತೂ ಹಾರಿದ! ಏನ್ ಹೋಗೋದೋ ಅದು, ಸಮುದ್ರನೇ ಹೊಲಿಗೆ ಹಾಕ್ಕೊಂಡು ಹೋದ ಹಾಗೆ! ಇಷ್ಟು ವರ್ಷ ಏನ್ ನೋಡ್ತಿದ್ವೋ ನಾವು? ತಿರುಗಿ ನೋಡೋ ಮಾರಾಯ, ಹೋದ, ದ್ವೀಪದ ಕಡೆಗೇ ಹೋದ, ನೋಡೋ!”

ಅವನು ಪೂರ್ತಿ ಮರೆಯಾದ ಮೇಲೆ ತಿರುಗಿದೆ. ನೀರು ಇನ್ನೂ ಅಲ್ಲಾಡುತ್ತಿತ್ತು. ಕ್ಲಾರ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ, ಚರ್ಚಿನಲ್ಲೂ ತೆಗೆಯದವನು.

ಹರಿದ ಬಲೆಯ ತುಂಡುಗಳನ್ನು ಹಾಕಲು ದಕ್ಕೆಯ ಮೇಲೆ ಒಂದು ಪೀಪಾಯಿ ಇಟ್ಟಿದ್ದೇವೆ. ನಿನ್ನ ಕರಪತ್ರ ಓದಿ ಇಟ್ಟದ್ದಲ್ಲ.

ನಿನ್ನ ಕೋಟು ಗೂಟದಲ್ಲೇ ಇದೆ. ಇಲಿ ಕಡಿದಿಲ್ಲ.

ಇನ್ನೊಂದು ಮಾತು. ಬಸ್ಸು ಹೋದ ದಿನವೂ ನನ್ನ ಪಕ್ಕದಲ್ಲಿ ನಿಂತಿದ್ದವನು ಕ್ಲಾರ್ರಿಯೇ. ಅವತ್ತೂ ಅವನನ್ನು ಹೀಗೆಯೇ ಕೇಳುತ್ತಿದ್ದೆ, ಹೋದಳಾ, ಈಗ, ಈಗ ಎಂದು. ನೀನು ಹಿಂದಿನ ಕಿಟಕಿಗೆ ಮುಖ ಒತ್ತಿ ಕೂತಿದ್ದೀಯ ಎಂದು ಅವನೇ ಹೇಳಿದ್ದು. ಬಸ್ಸು ತಿರುವು ದಾಟುವವರೆಗೂ ಹೇಳುತ್ತಲೇ ಇದ್ದ.

ಅಪ್ಪ